ಚಿಕ್ಕಪ್ಪನ ರೆಕಾರ್ಡರ್, ಅಪ್ಪನ ಕುರ್ಚಿ

ನಾಸಿಕ್ ರೋಡಿನಿಂದ ಹೊರಟು ಛತ್ರಪತಿ ಸಂಭಾಜಿನಗರ ಮುಟ್ಟುವವರೆಗೆ ನಡುವೆ ಎಷ್ಟು ಊರು ಬರುತ್ತವೋ, ಅಷ್ಟೂ ಊರುಗಳಲ್ಲಿ ನಮ್ಮ ಚಿಕ್ಕಪ್ಪನನ್ನು ಮೀರಿಸುವ ರೆಕಾರ್ಡರ್ ವಾದಕ ಇನ್ನೊಬ್ಬನಿಲ್ಲ. ಇದನ್ನು ನಾನು ಅಭಿಮಾನದಿಂದ ಹೇಳುತ್ತಿಲ್ಲ, ಪೂರ್ಣ ಜವಾಬ್ದಾರಿಯಿಂದ ಹೇಳುತ್ತಿದ್ದೇನೆ. ಏಕೆಂದರೆ ಈ ದಾರಿಯುದ್ದಕ್ಕೂ ಎರಡನೆಯ ರೆಕಾರ್ಡರ್ ವಾದಕ ಇದ್ದಾನೆಂದು ಇದುವರೆಗೆ ಯಾರೂ ದೂರು ಕೊಟ್ಟಿಲ್ಲ!

ರೆಕಾರ್ಡರ್ ಎಂದರೆ ಕ್ಯಾಸೆಟ್ ಹಾಕುವ ಪೆಟ್ಟಿಗೆಯಲ್ಲ. ಆ ತಮಾಷೆ ಕೇಳಿ ಕೇಳಿಯೇ ಚಿಕ್ಕಪ್ಪನ ತಲೆ ಹಣ್ಣಾಗಿದೆ, ದಯವಿಟ್ಟು ನೀವೂ ಶುರು ಮಾಡಬೇಡಿ. ಇದು ಯುರೋಪಿನವರ ಮರದ ಕೊಳಲು. ನಮ್ಮ ಕೊಳಲಿನ ಹಾಗೆ ಅಡ್ಡ ಹಿಡಿಯುವುದಿಲ್ಲ, ಮೂಗಿನ ನೇರಕ್ಕೆ ಉದ್ದ ಹಿಡಿದು ತುದಿಯಿಂದ ಊದುತ್ತಾರೆ. ನಾಲ್ಕೈದು ಶತಮಾನಗಳ ಹಿಂದೆ ಅಲ್ಲಿನ ರಾಜರು ಊಟಕ್ಕೆ ಕೂತಾಗ ಪಕ್ಕದಲ್ಲಿ ನಿಂತು ಇದನ್ನು ನುಡಿಸುತ್ತಿದ್ದರಂತೆ. "ಊಟದ ಹೊತ್ತಿನ ವಾದ್ಯ ಇದು. ನಾವು ಊಟದ ಹೋಟೆಲಿನವರು. ಹಾಗಾದ್ರೆ ಇದು ನನ್ನ ಕುಲಕಸುಬೇ ಅಲ್ವಾ?" ಎಂದು ಚಿಕ್ಕಪ್ಪ ಕೇಳುತ್ತಾರೆ. 

ನಮ್ಮದು ಉಡುಪಿ ಕಡೆಯ ಕುಟುಂಬ. ನಾಸಿಕ್ ರೋಡ್ ಸ್ಟೇಷನ್ನಿಗೆ ಹತ್ತಿರ ಅಜ್ಜ ಶುರು ಮಾಡಿದ ಹೋಟೆಲನ್ನು ಅಪ್ಪ ನಡೆಸಿಕೊಂಡು ಬಂದರು. ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ. ಶಾಲೆಯಲ್ಲಿ ಸಂಗೀತದ ಪಾಠಕ್ಕೆಂದು ಎಲ್ಲ ಹುಡುಗರ ಕೈಗೂ ಒಂದೊಂದು ಪ್ಲಾಸ್ಟಿಕ್ ರೆಕಾರ್ಡರ್ ಕೊಟ್ಟಿದ್ದರಂತೆ. ಉಳಿದವರೆಲ್ಲ ಅದರಲ್ಲಿ ಒಬ್ಬರಿಗೊಬ್ಬರು ಹೊಡೆದುಕೊಂಡರು, ಚಿಕ್ಕಪ್ಪ ಮಾತ್ರ ಊದಿದರು. ಆಮೇಲೆ ಮುಂಬೈಗೆ ಬಿ.ಕಾಂ. ಓದಲು ಹೋದವರು ಡಿಗ್ರಿಯ ಜೊತೆ ಹದಿನಾರನೆಯ ಶತಮಾನದ ಸಂಗೀತವನ್ನೂ ಹೊತ್ತು ತಂದರು. ಮುಂದೆ ಆರು ತಿಂಗಳು ಹಾಲೆಂಡಿಗೆ ಹೋಗಿ ಕಲಿತು ಬಂದರು. ಹೊಟ್ಟೆಪಾಡಿಗೆ ಸಂಭಾಜಿನಗರದ ಶಾಲೆಯೊಂದರಲ್ಲಿ ಸಂಗೀತದ ಮೇಷ್ಟರಾದರು. ನಲವತ್ತು ಮಕ್ಕಳು ನಲವತ್ತು ಪ್ಲಾಸ್ಟಿಕ್ ರೆಕಾರ್ಡರ್‌ಗಳನ್ನು ಒಟ್ಟಿಗೆ ಊದಿದರೆ ಏನಾಗುತ್ತದೆ ಎಂಬುದನ್ನು ಆ ಶಾಲೆಯ ಮಾಡಿನಲ್ಲಿದ್ದ ಪಾರಿವಾಳಗಳನ್ನು ಕೇಳಬೇಕು. ಕೇಳೋಣವೆಂದರೆ ಅವು ಈಗ ಅಲ್ಲಿಲ್ಲ.

ಶನಿವಾರ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ನಾಸಿಕ್ ರೋಡಿಗೆ ಬರುವುದು, ಹೋಟೆಲಿನ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಭಾನುವಾರವಿಡೀ ಅಭ್ಯಾಸ ಮಾಡುವುದು, ಸೋಮವಾರ ನಸುಕಿಗೆ ವಾಪಸು. ಮೂವತ್ತು ವರ್ಷ ಹೀಗೇ ನಡೆಯಿತು. ಪುಣೆ, ಮುಂಬೈ, ಗೋವಾಗಳಲ್ಲಿ ಕಾರ್ಯಕ್ರಮ ಕೊಟ್ಟರು, ಬಿಳಿಯರ ಜೊತೆ ಕೂತು ನುಡಿಸಿದರು, ಶಾಲು ಹೊದಿಸಿಕೊಂಡರು. ಆದರೆ ಚಿಕ್ಕಪ್ಪನಿಗೆ ಬೇಕಾಗಿದ್ದದ್ದು ಒಂದೇ. ತನ್ನ ಅಣ್ಣ, ಅಂದರೆ ನಮ್ಮ ಅಪ್ಪ, ಒಮ್ಮೆ ಕುರ್ಚಿಯಲ್ಲಿ ಕೂತು, ಒಂದು ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಕೇಳಬೇಕು. ಅಷ್ಟೇ!

ಅಷ್ಟೇ ಎಂದೆನೇ? ನಮ್ಮ ಅಪ್ಪನನ್ನು ಕೂರಿಸುವುದು ಎಂದರೆ ಏನೆಂದು ನಿಮಗೆ ಗೊತ್ತಿಲ್ಲ. ಅವರು ಊಟವನ್ನೂ ನಿಂತೇ ಮಾಡುವವರು. ಎಲ್ಲಿದ್ದರೂ ಅವರ ಒಂದು ಕಿವಿ ಗ್ರೈಂಡರಿನ ಮೇಲೆ, ಇನ್ನೊಂದು ಗಿರಾಕಿಗಳ ಮೇಲೆ. ಹಿಟ್ಟು ರುಬ್ಬುವ ಸದ್ದು ಚೂರು ಬದಲಾದರೆ ಸಾಕು, "ಉದ್ದು ಗಟ್ಟಿಯಾಯ್ತು, ನೀರು ಹಾಕು" ಎನ್ನುತ್ತಾ ಎದ್ದು ನಡೆದುಬಿಡುತ್ತಾರೆ. ಚಿಕ್ಕಪ್ಪನ ಎದುರು ಅವರು ಅತಿ ಹೆಚ್ಚು ಹೊತ್ತು ಕೂತ ದಾಖಲೆ ನಾಲ್ಕು ನಿಮಿಷ. ಅದರಲ್ಲೂ ಕೊನೆಯ ಒಂದು ನಿಮಿಷ ಚಪ್ಪಲಿ ಹುಡುಕುತ್ತಿದ್ದರು ಎಂಬ ಅನುಮಾನ ನನಗಿದೆ.

ಒಮ್ಮೆ ಚಿಕ್ಕಪ್ಪ ಒಂದು ಉಪಾಯ ಮಾಡಿದರು. ಅಪ್ಪ ಪಕ್ಕದ ಸಲೂನಿಗೆ ಗಡ್ಡ ಮಾಡಿಸಲು ಹೋಗಿದ್ದರು. ಮೈಗೆ ಬಿಳಿ ಬಟ್ಟೆ ಸುತ್ತಿ, ಮುಖಕ್ಕೆ ನೊರೆ ಹಚ್ಚಿ, ಕುತ್ತಿಗೆಯ ಮೇಲೆ ಕತ್ತಿ ಇಟ್ಟಾಗಿತ್ತು. ಇದಕ್ಕಿಂತ ಒಳ್ಳೆಯ ಶ್ರೋತೃ ಎಲ್ಲಿ ಸಿಗುತ್ತಾನೆ? ಚಿಕ್ಕಪ್ಪ ಒಳನುಗ್ಗಿ ಕನ್ನಡಿಯ ಪಕ್ಕ ನಿಂತು ಶುರು ಮಾಡಿದರು. ಎರಡು ನಿಮಿಷ, ಮೂರು ನಿಮಿಷ... ಗೋಡೆಯಾಚೆ ಗ್ರೈಂಡರ್ ನಿಂತಿತು. ಅಪ್ಪ ಕತ್ತಿಯನ್ನು ಪಕ್ಕಕ್ಕೆ ಸರಿಸಿ, ಬಿಳಿ ಬಟ್ಟೆಯ ಸಮೇತ, ಒಂದು ಕೆನ್ನೆಯ ನೊರೆ ಹಾಗೇ ಇಟ್ಟುಕೊಂಡು ಹೊರಟೇಹೋದರು. ಅವತ್ತು ಹೋಟೆಲಿಗೆ ಬಂದ ಗಿರಾಕಿಗಳು ಮಾಲೀಕರ ಮುಖದಲ್ಲಿ ಇಡ್ಲಿ ಹಿಟ್ಟು ಎಂದುಕೊಂಡು ಸಂತೋಷಪಟ್ಟರು. ಮಾಲೀಕರೇ ಅಡುಗೆಗೆ ನಿಂತರೆ ರುಚಿ ಹೆಚ್ಚಲ್ಲವೇ!

ಚಿಕ್ಕಪ್ಪನಿಗೆ ಮದುವೆಯಾಗಲಿಲ್ಲ. ಅದಕ್ಕೂ ರೆಕಾರ್ಡರೇ ಕಾರಣ ಎಂದು ಅಮ್ಮ ಹೇಳುತ್ತಾಳೆ. ನಾಸಿಕ್ಕಿನದೇ ಅಂಬಡದ ಕಾರ್ಖಾನೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದ ನಮ್ಮ ಕಡೆಯವರೇ ಒಬ್ಬರ ಮಗಳನ್ನು ನೋಡಲು ಹೋಗಿದ್ದರಂತೆ. ಹುಡುಗಿಯ ತಂದೆ, "ನೀವು ಎಂತ ಮಾಡಿಕೊಂಡಿದ್ದೀರಿ?" ಎಂದು ಕೇಳಿದರು.

"ಹದಿನಾರನೆಯ ಶತಮಾನ."

"ಅದು ಪರ್ಮನೆಂಟಾ?"

"ಮುಗಿದು ಹೋಗಿ ಆಗಿದೆಯಲ್ಲ, ಇನ್ನು ಬದಲಾಗ್ಲಿಕ್ಕುಂಟಾ? ಅದಕ್ಕಿಂತ ಪರ್ಮನೆಂಟ್ ಯಾವುದುಂಟು?"

ಆ ಸಂಬಂಧವೂ ಮುಗಿದು ಹೋಗಿ ಆಯಿತು.

ಇಲ್ಲಿಯವರೆಗೆ ಚಿಕ್ಕಪ್ಪ ಹಳೆಯ ಸಂಗೀತದವರು. ಅವರು ಹೊಸ ಸಂಗೀತದವರಾದದ್ದು ಹೇಗೆ ಎಂಬುದು ನಮ್ಮ ಮನೆಯ ಗುಟ್ಟು. ಇಂದು ಅದನ್ನು ಬಯಲು ಮಾಡುತ್ತಿದ್ದೇನೆ, ಅವರು ಕೋಪಿಸಿಕೊಂಡರೂ ಸರಿಯೇ. ಹಾಲೆಂಡಿನಿಂದ ಅವರಿಗೊಂದು ಹೊಸ ಮರದ ರೆಕಾರ್ಡರ್ ಬಂತು. ಮರ ಬಿರಿಯದ ಹಾಗೆ ಒಳಗೆ ಆಗಾಗ ಎಣ್ಣೆ ಸವರಬೇಕು. ಯಾವ ಎಣ್ಣೆ ಎಂದು ಅವರು ಯೋಚಿಸುತ್ತಾ ಕೂತಿದ್ದಾಗ ಕೌಂಟರಿನಿಂದ ಅಪ್ಪನ ಸಲಹೆ ಬಂತು. "ಊರಿನ ತೆಂಗಿನೆಣ್ಣೆ ಡಬ್ಬಿ ತುಂಬ ಉಂಟಲ್ಲ ಮಾರಾಯ. ತಲೆಗೆ ಆಗ್ತದೆ, ಪಲ್ಯಕ್ಕೆ ಆಗ್ತದೆ, ನಿನ್ನ ಪೀಪಿಗೆ ಆಗುದಿಲ್ವಾ?"

ಅಣ್ಣ ತನ್ನ ವಾದ್ಯದ ಬಗ್ಗೆ ಬಾಯಿ ತೆರೆದದ್ದೇ ಮೊದಲ ಸಲ. ಚಿಕ್ಕಪ್ಪ ಕರಗಿ ನೀರಾದರು. ಬೇಸಿಗೆಯಲ್ಲಿ ತೆಂಗಿನೆಣ್ಣೆ, ಮಳೆಗಾಲದಲ್ಲಿ ತೆಂಗಿನೆಣ್ಣೆ. ವಾದ್ಯ ಮಿರಮಿರ ಮಿಂಚುತ್ತಿತ್ತು, ಊದಿದರೆ ಚಟ್ನಿಗೆ ಒಗ್ಗರಣೆ ಹಾಕಿದ ಪರಿಮಳ! ಡಿಸೆಂಬರಿನಲ್ಲಿ ಸಂಭಾಜಿನಗರದಲ್ಲಿ ಬೆಳಗಿನ ಕಾರ್ಯಕ್ರಮವೊಂದು ಬಂತು. ಹಿಂದಿನ ದಿನ ಅವರು ವಿಶೇಷ ಪ್ರೀತಿಯಿಂದ ಎರಡು ಚಮಚ ಜಾಸ್ತಿಯೇ ಸವರಿದರು. ಚಳಿ ಎಂದರೆ ಅಂಥಿಂಥ ಚಳಿಯಲ್ಲ, ಹಲ್ಲು ಕಟಕಟ ಎನ್ನುವ ಚಳಿ. ವೇದಿಕೆಯ ಮೇಲೆ ಪೆಟ್ಟಿಗೆ ತೆರೆದು, ನಮಸ್ಕಾರ ಮಾಡಿ, ಊದಿದರು. ಸ್ವರದ ಬದಲು ಗಂಟಲು ಕಟ್ಟಿದ ಬೆಕ್ಕು ಕೂಗಿತು. ತೆಂಗಿನೆಣ್ಣೆ ಒಳಗೆ ಬೆಣ್ಣೆಯ ಹಾಗೆ ಹೆಪ್ಪುಗಟ್ಟಿ ಕೂತಿತ್ತು!

ಇನ್ನೊಬ್ಬರಾಗಿದ್ದರೆ ಎದ್ದು ಓಡುತ್ತಿದ್ದರು. ಚಿಕ್ಕಪ್ಪ ಕಣ್ಣು ಮುಚ್ಚಿ ಊದುತ್ತಲೇ ಹೋದರು. ಉಸಿರಿನ ಬಿಸಿಗೆ ಎಣ್ಣೆ ಅಲ್ಲಲ್ಲಿ ಕರಗಿತು. ಒಂದು ತೂತಿನಿಂದ ಸ್ವರ, ಇನ್ನೊಂದರಿಂದ ಗೊರಕೆ, ಮತ್ತೊಂದರಿಂದ ಎರಡೂ. ಮುಗಿದ ಮೇಲೆ ಪುಣೆಯಿಂದ ಬಂದಿದ್ದ ಒಬ್ಬಳು ತರುಣಿ, ಹೊಸ ಬಗೆಯ ಸಂಗೀತ ಬರೆಯುವವಳಂತೆ, ಕಣ್ಣರಳಿಸಿ ಓಡಿಬಂದಳು. "ಸರ್, ಆ ಒಡೆದ ಧ್ವನಿ! ಅದನ್ನು ಹೇಗೆ ತಂದಿರಿ? ಯಾರ ಹತ್ತಿರ ಕಲಿತಿರಿ?"

ಚಿಕ್ಕಪ್ಪ ಗಂಭೀರವಾಗಿ, "ಅಣ್ಣನ ಹತ್ತಿರ" ಎಂದರು.

ಅಂದಿನಿಂದ ಆಕೆ ಚಿಕ್ಕಪ್ಪನಿಗಾಗಿ ಕೃತಿಗಳನ್ನು ಬರೆಯತೊಡಗಿದಳು. ಎಣ್ಣೆಯಿಲ್ಲದೆ ಆ ಧ್ವನಿಯನ್ನು ಮತ್ತೆ ತರಲು ಚಿಕ್ಕಪ್ಪ ಎರಡು ವರ್ಷ ಒದ್ದಾಡಿದರು. ಕೊನೆಗೆ ತಂದರು, ಅದು ಬೇರೆ ಮಾತು. ಆ ಕೃತಿಗಳೋ! ಒಂದರಲ್ಲಿ ಊದುತ್ತಲೇ ಹಾಡಬೇಕು. ಇನ್ನೊಂದರಲ್ಲಿ ಎರಡು ರೆಕಾರ್ಡರ್‌ಗಳನ್ನು ಒಟ್ಟಿಗೆ ಬಾಯಿಗಿಡಬೇಕು. ಮತ್ತೊಂದರಲ್ಲಿ ಸ್ವರವೇ ಇಲ್ಲ, ಬರೀ ಉಸಿರು. ಸ್ಸ್‌ಸ್ಸ್ ಎಂದು ಏಳು ನಿಮಿಷ.

ಈ ಉಸಿರಿನ ಕೃತಿಯನ್ನು ಅವರು ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಹೋಟೆಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಅಡುಗೆಯ ಭಟ್ಟರು ಕಿವಿ ನಿಮಿರಿಸಿದರು, ಮುಖ ಬಿಳಿಚಿತು. "ಗ್ಯಾಸ್! ಗ್ಯಾಸ್ ಲೀಕ್ ಉಂಟು!" ಎಂದು ಎಲ್ಲ ಒಲೆಗಳನ್ನೂ ಆರಿಸಿದರು. ಅಪ್ಪ ಹೊರಗೆ ಬಂದು "ಬಾಹೇರ್ ಚಲಾ! ಸಗಳೇ ಬಾಹೇರ್!" ಎಂದು ಕೂಗಿ ಗಿರಾಕಿಗಳನ್ನೆಲ್ಲ ಬೀದಿಗೆ ಕಳಿಸಿದರು. ಕೆಲವರು ದೋಸೆಯ ತಟ್ಟೆಯ ಸಮೇತ ಹೋದರು. ಗ್ಯಾಸಿನವನು ಬಂದು ಸಾಬೂನು ನೀರು ಹಚ್ಚಿ ಒಂದೊಂದೇ ಪೈಪನ್ನು ನೋಡಿದ. ಎಲ್ಲೂ ಗುಳ್ಳೆ ಬರಲಿಲ್ಲ. ಸದ್ದು ಮಾತ್ರ ನಿಲ್ಲಲಿಲ್ಲ. ಅದನ್ನು ಹಿಂಬಾಲಿಸಿ ಹಿಂದಿನ ಕೋಣೆಗೆ ಹೋದ. ಕಣ್ಣು ಮುಚ್ಚಿ ತಲ್ಲೀನರಾಗಿದ್ದ ಚಿಕ್ಕಪ್ಪನ ರೆಕಾರ್ಡರ್ ತುದಿಗೆ ಬ್ರಶ್ಶಿನಿಂದ ಸಾಬೂನು ನೀರು ಸವರಿದ. ಬುಳಬುಳ ಗುಳ್ಳೆ ಬಂತು!

"ಹಾಚ್ ಲೀಕ್ ಆಹೇ, ಶೇಟ್! ಇದೇ ಲೀಕ್!"

ಅಪ್ಪ ಆ ದಿನ ಚಿಕ್ಕಪ್ಪನ ಜೊತೆ ಮಾತಾಡಲಿಲ್ಲ. ಮರುದಿನವೂ ಆಡಲಿಲ್ಲ. ಮೂರನೆಯ ದಿನ ಸಂಭಾಜಿನಗರಕ್ಕೆ ಫೋನು ಮಾಡಿ, "ಇನ್ನು ಉಸಿರಾಡುದಿದ್ರೆ ಮೊದಲೇ ಹೇಳು" ಎಂದರು.

ಹಾಗೆಂದು ಚಿಕ್ಕಪ್ಪನಿಗೆ ಅಭಿಮಾನಿಗಳೇ ಇಲ್ಲ ಎಂದುಕೊಳ್ಳಬೇಡಿ. ಒಬ್ಬರಿದ್ದರು. ಧಾರವಾಡದ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕಿನ ಅಧಿಕಾರಿ, ದಿನಾ ನಮ್ಮಲ್ಲೇ ಊಟ. ಕನ್ನಡ ಕಿವಿಗೆ ಬೀಳುತ್ತದೆಂಬ ಆಸೆಗೆ ಚಿಕ್ಕಪ್ಪನ ಕಾರ್ಯಕ್ರಮಗಳಿಗೂ ಹೋಗುತ್ತಿದ್ದರು. ರೆಕಾರ್ಡರಿಗೆ ಕನ್ನಡ ಬರುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಒಮ್ಮೆ ಮೊಸರನ್ನ ಕಲಸುತ್ತಾ ಅವರು ಕೇಳಿದರು.

"ಅಲ್ರೀ, ನೀವು ಒಂದೋ ನಾಕನೂರು ವರ್ಷದ ಹಿಂದಿಂದು ಬಾರಸ್ತೀರಿ, ಇಲ್ಲಾಂದ್ರ ಮೊನ್ನೆ ಮೊನ್ನೆ ಬರದದ್ದು ಬಾರಸ್ತೀರಿ. ನಡುವಿನ ಮಂದಿ ಏನೂ ಬರಿಲೇ ಇಲ್ಲೇನ್ರಿ?"

"ಬರೆದಿದ್ದಾರೆ, ಬೇರೆ ವಾದ್ಯಕ್ಕೆ. ಆ ಇನ್ನೂರು ವರ್ಷ ನಮ್ಮ ವಾದ್ಯ ಮೂಲೆಯಲ್ಲಿ ಮಲಗಿತ್ತು."

"ಇನ್ನೂರು ವರ್ಷ ಮಲಗಿ, ಮತ್ತ ಎದ್ದು ಕೆಲಸಕ್ಕ ಬಂತು?"

"ಬಂತು."

"ಹಂಗಾದ್ರ ನಮ್ಮ ಹಿಂದಿನ ಮ್ಯಾನೇಜರಕಿಂತ ಎಷ್ಟೋ ಪಾಡ ಬಿಡ್ರಿ!"

ಕಳೆದ ವರ್ಷ ಚಿಕ್ಕಪ್ಪ ಶಾಲೆಯಿಂದ ನಿವೃತ್ತರಾದರು. ಅದೇ ಹೊತ್ತಿಗೆ ಅವರ ಎಡಗೈ ಹೆಬ್ಬೆರಳಿಗೆ ನೋವು ಹತ್ತಿಕೊಂಡಿತು. ರೆಕಾರ್ಡರಿನ ಬೆನ್ನಿಗೆ ಒಂದು ತೂತಿದೆ. ಮೇಲಿನ ಸ್ವರಗಳಿಗೆ ಹೆಬ್ಬೆರಳನ್ನು ಮಡಚಿ, ಉಗುರಿನಿಂದ ಆ ತೂತನ್ನು ಕೂದಲೆಳೆಯಷ್ಟು ತೆರೆದು ಹಿಡಿಯಬೇಕು. ಐವತ್ತು ವರ್ಷ ಹೀಗೆ ಮಡಚಿ ಮಡಚಿ ಗೆಣ್ಣು ಸವೆದುಹೋಗಿತ್ತು. ಡಾಕ್ಟರು ಇನ್ನು ಸಾಕು ಎಂದರು. ಸಂಭಾಜಿನಗರದ ಒಂದು ಪುಟ್ಟ ಸಭಾಗೃಹದಲ್ಲಿ ಒಂದು ಗಂಟೆಯ ಕೊನೆಯ ಕಾರ್ಯಕ್ರಮ ಎಂದು ಚಿಕ್ಕಪ್ಪ ತೀರ್ಮಾನಿಸಿದರು. ಅರ್ಧ ಹಳೆಯದು, ಅರ್ಧ ಹೊಸದು.

"ಇದೇ ಕೊನೆ ಅಂತ ಅಣ್ಣನಿಗೆ ಹೇಳ್ಬೇಡ" ಎಂದು ನನ್ನಿಂದ ಆಣೆ ಮಾಡಿಸಿಕೊಂಡರು. "ಪಾಪ ಅಂತ ಕೂತ್ಕೊಳ್ಳುದು ಬೇಡ. ಕೇಳ್ಬೇಕು ಅಂತ ಕೂತ್ಕೊಳ್ಳಲಿ."

ಅಪ್ಪನನ್ನು ಹೊರಡಿಸಿದ್ದು ಅವರ ಮಗಳಾದ ನಾನು. ಹೋಟೆಲನ್ನು ಒಂದು ಇಡೀ ಭಾನುವಾರ ಭಟ್ಟರ ಕೈಗೆ ಬಿಟ್ಟು ಬರುವುದೆಂದರೆ ಅಪ್ಪನಿಗೆ ಅಂಗಾಂಗ ಬಿಟ್ಟು ಬಂದ ಹಾಗೆ. ಬಸ್ಸು ಗಂಗಾಪುರ ದಾಟುವುದರೊಳಗೆ ಆರು ಸಲ ಫೋನು ಮಾಡಿ ಸಾಂಬಾರಿನ ಆರೋಗ್ಯ ವಿಚಾರಿಸಿದರು. ಸಭಾಗೃಹದ ಮೊದಲ ಸಾಲಿನ ನಡುವಿನ ಕುರ್ಚಿಗೆ ಚಿಕ್ಕಪ್ಪ ಸ್ವಂತ ಕೈಯಿಂದ "ಅಣ್ಣ" ಎಂದು ಬರೆದ ಚೀಟಿ ಅಂಟಿಸಿದ್ದರು. ಅಪ್ಪ ಚೀಟಿಯನ್ನು ಓದಿ, ನಾಚಿಕೊಂಡು, ಅದರ ಮೇಲೆ ಕೂತರು.

ಹತ್ತೂವರೆಗೆ ಶುರುವಾಯಿತು. ಮೊದಲನೆಯದು ತೀರಾ ನಿಧಾನದ, ತೀರಾ ಮೆಲ್ಲನೆಯ ಒಂದು ಹಳೆಯ ಕೃತಿ. ಎರಡು ನಿಮಿಷ, ಮೂರು ನಿಮಿಷ, ನಾಲ್ಕು. ದಾಖಲೆ ಮುರಿಯಿತು! ಐದನೆಯ ನಿಮಿಷಕ್ಕೆ ಅಪ್ಪನ ಕಿವಿ ನಿಮಿರಿತು. ನನಗಂತೂ ಏನೂ ಕೇಳಿಸಲಿಲ್ಲ. ಅವರು ಮೆಲ್ಲಗೆ ಎದ್ದು, ಬಗ್ಗಿಕೊಂಡು, ಬಾಗಿಲು ತಳ್ಳಿ ಹೊರಟೇಹೋದರು.

ಚಿಕ್ಕಪ್ಪ ಅದನ್ನು ನೋಡಿದರು. ಅವರ ಸ್ವರ ಒಂದಿಷ್ಟೂ ಅಲುಗಲಿಲ್ಲ, ಆದರೆ ಮುಖ ಬಾಡಿದ್ದನ್ನು ನಾನು ನೋಡಿದೆ. ನನಗೆ ಅಪ್ಪನ ಮೇಲೆ ಹುಟ್ಟಿದಾಗಿನಿಂದ ಬಾರದಷ್ಟು ಸಿಟ್ಟು ಬಂತು. ಇಲ್ಲಿ ಯಾವ ಗ್ರೈಂಡರ್ ಇತ್ತು? ಒಂದು ಗಂಟೆ ಪೂರ್ತಿ ಆ ಚೀಟಿ ಅಂಟಿಸಿದ ಖಾಲಿ ಕುರ್ಚಿಯ ಪಕ್ಕ ಕೂತಿದ್ದೆ. ಅವರು ಬರಲೇ ಇಲ್ಲ. ಚಪ್ಪಾಳೆಯಾಯಿತು, ಶಾಲು ಹೊದಿಸಿದರು. ಚಿಕ್ಕಪ್ಪ ರೆಕಾರ್ಡರ್ ಪೆಟ್ಟಿಗೆ ಎತ್ತಿಕೊಂಡು, ನೇರವಾಗಿ ಹೊರಗೆ ನಡೆದರು. ನಾನು ಹಿಂದೆಯೇ ಓಡಿದೆ.

ಗೇಟಿನ ಆಚೆ ಮದುವೆಯ ದಿಬ್ಬಣವೊಂದು ನಿಂತಿತ್ತು. ನಿಂತಿತ್ತು ಎಂದರೆ ಪೂರ್ತಿ ಸ್ತಬ್ಧ! ಕೆಂಪು ಕೋಟಿನ ಹದಿನೆಂಟು ಜನ ಬ್ಯಾಂಡಿನವರು ರಸ್ತೆ ಬದಿಯ ಕಟ್ಟೆಯ ಮೇಲೆ ಸಾಲಾಗಿ ಕೂತು ಕಾಂದಾ ಪೋಹೆ, ಅಂದರೆ ಈರುಳ್ಳಿ ಅವಲಕ್ಕಿ, ತಿನ್ನುತ್ತಿದ್ದರು. ಡೋಲುಗಳು ನೆಲದ ಮೇಲಿದ್ದವು. ಮದುಮಗ ಕುದುರೆಯ ಮೇಲೆ ಕೂತೇ ಬಸಿಯಲ್ಲಿ ಚಹಾ ಊದಿಕೊಂಡು ಕುಡಿಯುತ್ತಿದ್ದ. ಇವರೆಲ್ಲರ ನಡುವೆ, ಎದುರಿನ ಚಹಾ ಟಪರಿಯವನ ಕೆಟಲನ್ನು ಕಿತ್ತುಕೊಂಡು, "ಆಣಖೀ ಘ್ಯಾ, ಇನ್ನೂ ಸ್ವಲ್ಪ ತಗೊಳ್ಳಿ" ಎಂದು ಬಡಿಸುತ್ತಾ ಓಡಾಡುತ್ತಿದ್ದವರು ನಮ್ಮ ಅಪ್ಪ!

ಬ್ಯಾಂಡಿನ ಮುಖ್ಯಸ್ಥ ನನ್ನನ್ನು ನೋಡಿ ನಕ್ಕು ಮರಾಠಿಯಲ್ಲಿ ಹೇಳಿದ. "ಕಾಕಾ ರಸ್ತೆಗೆ ಅಡ್ಡ ನಿಂತುಬಿಟ್ಟರು. ಒಳಗೆ ನನ್ನ ತಮ್ಮ ಬಾರಿಸುತ್ತಿದ್ದಾನೆ, ಅವನು ನಿಲ್ಲಿಸುವವರೆಗೆ ನೀವು ತಿನ್ನಿ ಅಂದರು. ಬಾಯಲ್ಲಿ ಪೋಹೆ ಇಟ್ಟುಕೊಂಡು ಕಹಳೆ ಊದುವುದು ಹೇಗೆ ತಾಯೀ? ಮೂರನೇ ಪ್ಲೇಟು ಇದು!"

ಚಿಕ್ಕಪ್ಪನಿಗೆ ಇದ್ಯಾವುದೂ ಕೇಳಿಸಿದ ಹಾಗೆ ಕಾಣಲಿಲ್ಲ. "ಒಂದು ಗಂಟೆ ಅಣ್ಣ, ಒಂದೇ ಒಂದು ಗಂಟೆ ಕೂತ್ಕೊಳ್ಲಿಕ್ಕೆ ಆಗ್ಲಿಲ್ಲ ಅಲ್ವಾ ನಿನಗೆ?" ಎಂದರು. ಅವರ ದನಿ ಒಡೆದಿತ್ತು, ಈ ಸಲ ನಿಜವಾಗಿ.

ಅಪ್ಪ ಕೆಟಲನ್ನು ಕೆಳಗಿಟ್ಟರು. "ಎಂತ ಮಾಡುದು ಮಾರಾಯ? ಆ ತಿರುವಿನಲ್ಲಿ ಇವರ ಡೋಲು ಕೇಳಿಸ್ತು. ನಿನ್ನದು ಸಣ್ಣ ಸ್ವರ. ಇವರು ಹತ್ತಿರ ಬಂದ್ರೆ ನಿನ್ನದನ್ನು ಕೇಳುವವರು ಯಾರು?"

ದಿಬ್ಬಣ ಹೊರಟಿತು. ತಡೆಹಿಡಿದಿದ್ದನ್ನೆಲ್ಲ ಸೇರಿಸಿ ಬ್ಯಾಂಡಿನವರು ಬಾರಿಸಿದ ಅಬ್ಬರಕ್ಕೆ ಬೀದಿಯ ಕಿಟಕಿಗಳು ಅದುರಿದವು. ಅದು ದೂರವಾಗಿ ಬೀದಿ ಸುಮ್ಮನಾಗುವವರೆಗೂ ಚಿಕ್ಕಪ್ಪ ಕಾದರು. ಆಮೇಲೆ ಸಭಾಗೃಹದ ಮೆಟ್ಟಿಲ ಮೇಲೆ ಪೆಟ್ಟಿಗೆ ತೆರೆದು ರೆಕಾರ್ಡರ್ ಜೋಡಿಸಿದರು. "ಇಲ್ಲಿ ಕೂತ್ಕೋ" ಎಂದು ಪಕ್ಕದ ಮೆಟ್ಟಿಲು ತೋರಿಸಿದರು. ಅಪ್ಪ ಕೂತರು. ಆ ನಿಧಾನದ ಹಳೆಯ ಕೃತಿ ಮತ್ತೆ ಮೊದಲಿನಿಂದ ಶುರುವಾಯಿತು.

ತಮ್ಮನಿಗೆ ಇಷ್ಟು ಹತ್ತಿರ ಅಪ್ಪ ಎಂದೂ ಕೂತವರಲ್ಲ. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಆ ಹೆಬ್ಬೆರಳಿನ ಮೇಲೆ ನಿಂತಿತು. ಗೆಣ್ಣು ಊದಿ ಕೆಂಪಗಾಗಿತ್ತು. ಮೇಲಿನ ಸ್ವರ ಬಂದಾಗಲೆಲ್ಲ ಚಿಕ್ಕಪ್ಪನ ಹುಬ್ಬು ಗಂಟಿಕ್ಕುತ್ತಿತ್ತು.

"ಕೈಗೆ ಎಂತಾಯ್ತು ನಿನಗೆ?" ಎಂದು ಅಪ್ಪ ಕೇಳಿದರು. ಬಾಯಲ್ಲಿ ವಾದ್ಯವಿದ್ದವರು ಉತ್ತರ ಕೊಡುವುದು ಹೇಗೆ? ಅಪ್ಪ ನನ್ನ ಕಡೆ ತಿರುಗಿದರು. ನಾನು ಆಣೆ ಮುರಿಯಲಿಲ್ಲ, ಆದರೆ ನನ್ನ ಕಣ್ಣು ತುಂಬಿ ಬಂದದ್ದನ್ನು ತಡೆಯಲಾಗಲಿಲ್ಲ. ಅಪ್ಪನಿಗೆ ಎಲ್ಲ ಅರ್ಥವಾಯಿತು. ಗಾಬರಿಯಿಂದ ಎದ್ದು ನಿಂತರು.

"ಸಾಕು ಮಾರಾಯ! ನಿಲ್ಸು! ಸಾಕು!"

ಚಿಕ್ಕಪ್ಪ ವಾದ್ಯವನ್ನು ತುಟಿಯಿಂದ ಒಂದಿಷ್ಟು ಸರಿಸಿದರು. "ಕೂತ್ಕೋ ಅಣ್ಣ. ಇನ್ನು ಅರ್ಧ ಪುಟ ಉಂಟು."

ಅಪ್ಪ ಕೂತರು. ಅರ್ಧ ಪುಟ ಮುಗಿಯಿತು, ಕೊನೆಯ ಸ್ವರವೂ ಮುಗಿಯಿತು. ಅಪ್ಪ ಏಳಲಿಲ್ಲ. ತಮ್ಮನ ಎಡಗೈಯನ್ನು ಮೆಲ್ಲಗೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು, ಎರಡೂ ಅಂಗೈಗಳಿಂದ ಮುಚ್ಚಿದರು. ಆಕ್ಷೇಪಣೆಯ ದನಿಯಲ್ಲಿ ಕೇಳಿದರು. "ಇಷ್ಟು ಚೆಂದ ಉಂಟು ಅಂತ ನೀನು ನನಗೆ ಒಂದು ದಿನವೂ ಹೇಳ್ಲೇ ಇಲ್ಲ ಅಲ್ವಾ?"

ಮೂವತ್ತು ವರ್ಷ ಅದೊಂದನ್ನೇ ಹೇಳಲು ಹೆಣಗಿದ ಮನುಷ್ಯ ಇದಕ್ಕೆ ಏನು ಉತ್ತರ ಕೊಡಬೇಕು? "ಹೌದು ಅಣ್ಣ, ನನ್ನದೇ ತಪ್ಪು" ಎಂದರು ಚಿಕ್ಕಪ್ಪ.